ಏಳು ಹೆಸರುಗಳು

ಕನ್ನಡ ಪಾಠ ಹೇಳುವವನ ಮನೆಗೆ ಜನ ಕಾಗದ ಹಿಡಿದು ಬರುವುದು ಸಾಮಾನ್ಯವಾಗಿ ಎರಡು ಕಾರಣಗಳಿಗೆ: ಮದುವೆಯ ಕರೆಯೋಲೆಯ ಒಕ್ಕಣೆಯನ್ನು ತಿದ್ದಿಸಿಕೊಳ್ಳಲು, ಇಲ್ಲವೆ ನಿವೃತ್ತರಾಗುವವರಿಗೊಂದು ಬಿನ್ನವತ್ತಳೆ ಬರೆಸಿಕೊಳ್ಳಲು. ಎರಡರಲ್ಲಿಯೂ ನನ್ನ ಕೈ ಸಾಕಷ್ಟು ಪಳಗಿದೆ. ಆದ್ದರಿಂದ 2023ರ ಮಳೆಗಾಲದ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂಗಿಯೊಳಗಿನಿಂದ ಒದ್ದೆಯಾದ ಕಾಗದದ ಸುರುಳಿಯೊಂದನ್ನು ಹೊರತೆಗೆದಾಗ, ಇವನ ಮದುವೆಯೇ ಗೊತ್ತಾಗಿರಬೇಕೆಂದು ಭಾವಿಸಿದೆ. ಬಿಡಿಸಿ ನೋಡಿದರೆ ಅದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದ, ಕಾರ್ಮಿಕ ಸಂಘವೊಂದರ ಮಾದರಿ ನಿಯಮಾವಳಿ. ಬಿ.ಎ. ಮುಗಿಸಿದ ಮೇಲೆ ಅವನು ಬೆಂಗಳೂರಿನ ಹೊರವಲಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸಕ್ಕಿದ್ದ. "ಇದನ್ನು ನಮ್ಮವರಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಬೇಕು, ಸಾರ್" ಎಂದ.

ನಾನು ತಬ್ಬಿಬ್ಬಾದೆ. ನಮ್ಮ ಅಧ್ಯಾಪಕರ ಸಂಘಕ್ಕೆ ಹದಿನೆಂಟು ವರ್ಷಗಳಿಂದ ತಪ್ಪದೆ ಚಂದಾ ಕೊಟ್ಟಿದ್ದೇನೆ; ಅದರ ನಿಯಮಾವಳಿಯನ್ನು ಒಂದು ದಿನವೂ ಓದಿದವನಲ್ಲ. ವಾರ್ಷಿಕ ಸಭೆಯ ದಿನ ಊಟದ ಹೊತ್ತಿಗೆ ಹೋಗಿ ಬರುವುದೇ ನನ್ನ ಸಂಘನಿಷ್ಠೆಯ ಪರಮಾವಧಿ. ಅಂಥವನು ಇನ್ನೊಬ್ಬರ ಸಂಘಕ್ಕೆ ಶಾಸನ ಬರೆಯುವುದೆಂದರೆ!

ಅಂತೂ ಕುಳಿತು ಓದಿದೆ. ಆಗ ಜಾರಿಯಲ್ಲಿದ್ದುದು 1926ರ ಕಾರ್ಮಿಕ ಸಂಘಗಳ ಕಾಯಿದೆ. ಅದು ಕೇಳುವುದು ಮೇಲುನೋಟಕ್ಕೆ ಬಹಳ ಕಡಮೆ. ಒಂದು ಸಂಘದ ನೋಂದಣಿಗೆ ಏಳು ಮಂದಿ ರುಜು ಹಾಕಿ ಅರ್ಜಿ ಕೊಟ್ಟರಾಯಿತು. ಜೊತೆಗೆ ನಿಯಮಾವಳಿ ಇರಬೇಕು. ಸಂಘದ ಹೆಸರು ಯಾವುದು, ಉದ್ದೇಶಗಳೇನು, ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದು, ಪದಾಧಿಕಾರಿಗಳನ್ನು ಆರಿಸುವುದು ಹೇಗೆ ಮತ್ತು ಇಳಿಸುವುದು ಹೇಗೆ, ಲೆಕ್ಕವನ್ನು ಯಾರು ತಪಾಸಣೆ ಮಾಡತಕ್ಕದ್ದು, ಸಂಘ ಮುಚ್ಚಿದರೆ ಉಳಿದ ಹಣ ಎಲ್ಲಿಗೆ ಹೋಗತಕ್ಕದ್ದು, ಇವಿಷ್ಟು ಅದರಲ್ಲಿ ಸ್ಪಷ್ಟವಾಗಿರಬೇಕು. 2001ರ ತಿದ್ದುಪಡಿ ಇನ್ನೊಂದು ಷರತ್ತನ್ನು ಸೇರಿಸಿತು: ಆ ಉದ್ಯಮದ ಕೆಲಸಗಾರರಲ್ಲಿ ನೂರಕ್ಕೆ ಹತ್ತು ಮಂದಿ ಅಥವಾ ನೂರು ಮಂದಿ, ಇವೆರಡರಲ್ಲಿ ಯಾವುದು ಕಡಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. ನನ್ನ ಶಿಷ್ಯನ ಕಾರ್ಖಾನೆಯಲ್ಲಿ ಸುಮಾರು ಎಂಟುನೂರು ಜನ. ಎಂದರೆ ಎಂಬತ್ತು ಸದಸ್ಯರು, ಅವರೊಳಗಿನ ಏಳು ರುಜು.

"ಏಳು ಹೆಸರು ಸಿದ್ಧವಾಗಿವೆ, ಸಾರ್" ಎಂದು ಪಟ್ಟಿಯನ್ನು ಮುಂದಿಟ್ಟ. ನೋಡಿದೆ. ಏಳು ಮಂದಿಯೂ ಗಂಡಸರು. ಬಟ್ಟೆ ಕತ್ತರಿಸುವ ವಿಭಾಗದವರು, ಉಗ್ರಾಣದವರು, ಯಂತ್ರ ರಿಪೇರಿಯವರು. ಆ ಎಂಟುನೂರರಲ್ಲಿ ಹೆಂಗಸರೆಷ್ಟು ಎಂದು ಕೇಳಿದೆ. ಆರುನೂರಕ್ಕೆ ಮೇಲೆಂದ. ಅವರಲ್ಲಿ ನೂರಾರು ಹುಡುಗಿಯರು ಒಡಿಶಾ, ಝಾರ್ಖಂಡಗಳಿಂದ ಬಂದು ಕಂಪೆನಿಯ ಹಾಸ್ಟೆಲಿನಲ್ಲಿರುವವರು. "ಅವರನ್ನು ಕಟ್ಟಿಕೊಂಡು ಏನು ಮಾಡುವುದು ಸಾರ್? ಎರಡು ವರ್ಷ ದುಡಿದು ಊರಿಗೆ ಹೋಗುತ್ತಾರೆ. ಭಾಷೆ ಬೇರೆ ಬಾರದು."

ಆಗ ನನಗೆ ನೆನಪಾದದ್ದು ಮದರಾಸಿನ ಕಥೆ. ಅದನ್ನು ಅವನಿಗೆ ಹೇಳಿದೆ. ಓದುಗರಿಗೂ ಹೇಳುವುದು ತಪ್ಪಾಗಲಾರದು.

ನಮ್ಮ ದೇಶದಲ್ಲಿ ವ್ಯವಸ್ಥಿತವಾಗಿ ಕಟ್ಟಿದ ಮೊದಲ ಕಾರ್ಮಿಕ ಸಂಘಗಳಲ್ಲಿ ಒಂದೆಂದು ಇತಿಹಾಸಕಾರರು ಎಣಿಸುವ ಮದರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು 1918ರ ಏಪ್ರಿಲ್ 27ರಂದು, ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೆಲಸಗಾರರ ನಡುವೆ. ಈ ಗಿರಣಿಗಳು ಬಿನ್ನಿ ಕಂಪೆನಿಯ ಆಡಳಿತಕ್ಕೆ ಸೇರಿದವು. ಬೆಂಗಳೂರಿನ ಹಿರಿಯರಿಗೆ ಆ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಇಲ್ಲಿಯೂ ಅದರ ಗಿರಣಿಯಿತ್ತು, ಗಿರಣಿ ಹೋಗಿ ಬಿನ್ನಿಪೇಟೆಯೆಂಬ ಹೆಸರು ಉಳಿದಿದೆ. ಮದರಾಸಿನ ಪೆರಂಬೂರಿನಲ್ಲಿ ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಎಂಬ ಇಬ್ಬರು ವರ್ತಕರಿದ್ದರು. ಗಿರಣಿಯ ಜನ ಅವರಲ್ಲಿಗೆ ಬಂದು ತಮ್ಮ ಕಷ್ಟಸುಖ ಹೇಳಿಕೊಳ್ಳುತ್ತಿದ್ದರು. ಅವರು ನಡೆಸುತ್ತಿದ್ದ ಪುರಾಣ ಪ್ರವಚನಗಳ ಸಭೆಗೂ ಬರುತ್ತಿದ್ದರು. ಎಂದರೆ ಸಂಘಕ್ಕೆ ಮೊದಲು ಅಲ್ಲೊಂದು ಜಗುಲಿಯಿತ್ತು. ಈ ಅಂಶವನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ. ಗಿರಣಿಯೊಳಗೆ ಯಂತ್ರದ ಗದ್ದಲ, ಮೇಸ್ತ್ರಿಯ ಕಣ್ಣು; ಹೊರಗೆ ಮನೆಗೆ ಓಡುವ ಅವಸರ. ಇವೆರಡರ ನಡುವೆ ಒಬ್ಬನ ದುಃಖ ಇನ್ನೊಬ್ಬನಿಗೆ ಕೇಳಿಸಬಹುದಾದ ಒಂದು ಸ್ಥಳ ಬೇಕು. ಅದು ದೊರೆತ ಮೇಲೆಯೇ ಮಿಕ್ಕ ಮಾತು.

ಈ ಇಬ್ಬರು ಹೋಗಿ ಕರೆತಂದದ್ದು ಆನಿ ಬೆಸೆಂಟರ ಸಹಚರರಾಗಿದ್ದ ಬಿ. ಪಿ. ವಾಡಿಯಾ ಅವರನ್ನು. ಆತ ಪಾರಸಿ, ಥಿಯಾಸಫಿಸ್ಟ್, ಪತ್ರಿಕೆಯ ಕೆಲಸ ಮಾಡುತ್ತಿದ್ದವರು. ಗಿರಣಿಯ ನೂಲಿಗೂ ಅವರಿಗೂ ಸಂಬಂಧವಿರಲಿಲ್ಲ. ಅವರು ಇಂಗ್ಲಿಷಿನಲ್ಲಿ ಮಾತನಾಡುವುದು, ಮತ್ತೊಬ್ಬರು ಅದನ್ನು ತಮಿಳಿನಲ್ಲಿ ಹೇಳುವುದು, ಹೀಗೆ ಸಭೆಗಳು ನಡೆದವು. ಮೊದಮೊದಲು ಕೇಳಿದ್ದು ಸ್ವರಾಜ್ಯವನ್ನಲ್ಲ, ದುಪ್ಪಟ್ಟು ಕೂಲಿಯನ್ನೂ ಅಲ್ಲ. ಮಧ್ಯಾಹ್ನದ ಊಟಕ್ಕೆ ಇನ್ನಷ್ಟು ಹೊತ್ತು. ಅರ್ಧ ಗಂಟೆಯಿದ್ದ ಬಿಡುವು ನಲವತ್ತು ನಿಮಿಷವಾಯಿತು. ಹತ್ತು ನಿಮಿಷವೆಂದರೆ ನಮಗೆ ನಗೆ ಬರಬಹುದು. ಬುತ್ತಿಯ ಮುಂದೆ ಕುಳಿತು, ಗಂಟೆ ಬಾರಿಸೀತೆಂದು ಅರ್ಧ ಅನ್ನ ಬಿಟ್ಟು ಎದ್ದವನಿಗೆ ಆ ಹತ್ತು ನಿಮಿಷದ ತೂಕ ಗೊತ್ತು. ಎಲ್ಲರಿಗೂ ಸಮನಾದ, ಎಲ್ಲರಿಗೂ ಅರ್ಥವಾಗುವ, ಗೆಲ್ಲಬಹುದಾದ ಒಂದು ಸಣ್ಣ ಮಾತಿನಿಂದ ಆರಂಭಿಸಿದ್ದು ಅವರ ಜಾಣ್ಮೆ.

ಆಮೇಲೆ ಕಷ್ಟ ಬಂದಿತು. 1920ರಲ್ಲಿ ಕಂಪೆನಿ ಮದರಾಸ್ ಹೈಕೋರ್ಟಿಗೆ ಹೋಗಿ ವಾಡಿಯಾ ಮತ್ತು ಜೊತೆಯವರ ಮೇಲೆ ತಡೆಯಾಜ್ಞೆ ತಂದಿತು. ಕೆಲಸಗಾರರು ಕರಾರು ಮುರಿಯುವಂತೆ ಪ್ರೇರಿಸಿದರೆಂಬುದೇ ಅಪರಾಧ. ಸಂಘಕ್ಕೆ ರಕ್ಷಣೆ ಕೊಡುವ ಕಾಯಿದೆ ಆಗ ಈ ದೇಶದಲ್ಲಿರಲಿಲ್ಲ. ಕೊನೆಗೆ ವಾಡಿಯಾ ಸಂಘದಿಂದ ದೂರ ಸರಿಯಬೇಕಾಯಿತು. ಈ ಅನ್ಯಾಯವೇ ಮರುವರ್ಷ ಎನ್. ಎಂ. ಜೋಷಿಯವರು ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ಸಂಘಗಳಿಗೊಂದು ಕಾನೂನು ಬೇಕೆಂದು ಗೊತ್ತುವಳಿ ತರಲು ನಿಮಿತ್ತವಾಯಿತು. ಅದರ ಫಲ 1926ರ ಕಾಯಿದೆ. ನೋಂದಾಯಿತ ಸಂಘದವರು ತಮ್ಮ ನ್ಯಾಯವಾದ ಉದ್ದೇಶಗಳಿಗಾಗಿ ಒಟ್ಟುಗೂಡಿ ನಡೆದರೆ ಅದನ್ನು ಒಳಸಂಚೆಂದು ಕರೆಯುವಂತಿಲ್ಲ, ಕರಾರು ಮುರಿಸಿದರೆಂದು ದಾವೆ ಹೂಡುವಂತಿಲ್ಲ ಎಂದು ಅದು ಹೇಳಿತು. ನನ್ನ ಶಿಷ್ಯ ತಂದಿದ್ದ ಒದ್ದೆ ಕಾಗದದ ಹಿಂದೆ ಪೆರಂಬೂರಿನ ಆ ಮೊಕದ್ದಮೆಯಿತ್ತು.

ನಾನು ಅವನಿಗೆ ಹೇಳಬೇಕೆಂದಿದ್ದುದು ಮಾತ್ರ ಇದಲ್ಲ. 1921ರ ಮುಷ್ಕರದ ಸಂಗತಿ. ಮುಷ್ಕರ ತಿಂಗಳುಗಟ್ಟಲೆ ಎಳೆಯಿತು. ಆದಿದ್ರಾವಿಡ ಕೆಲಸಗಾರರಲ್ಲಿ ಬಹುಮಂದಿ ಕೆಲಸಕ್ಕೆ ಹಿಂತಿರುಗಿದರು. ಸವರ್ಣೀಯರೂ ಮುಸಲ್ಮಾನರೂ ಹೊರಗುಳಿದರು. ಪುಳಿಯಂತೋಪಿನಲ್ಲಿ ಗುಡಿಸಲುಗಳು ಉರಿದವು, ಗುಂಡು ಹಾರಿತು, ಹೆಣ ಬಿದ್ದವು, ಮುಷ್ಕರ ಮುರಿಯಿತು. ಒಳಗೆ ಹೋದವರನ್ನು ದ್ರೋಹಿಗಳೆಂದು ಕರೆದು ಪುಸ್ತಕ ಮುಚ್ಚುವುದು ಸುಲಭ. ಆದರೆ ಒಂದೇ ಮಗ್ಗದ ಸಾಲಿನಲ್ಲಿ ನಿಂತವರು ಸಂಜೆ ಒಂದೇ ಬಾವಿಯ ನೀರು ಕುಡಿಯದೆ ಇದ್ದ ಕಾಲ ಅದು. ಕೂಡಿ ಉಣ್ಣದವರು ಕೂಡಿ ಉಪವಾಸ ಮಾಡಬೇಕೆಂದು ನಿರೀಕ್ಷಿಸುವುದರಲ್ಲಿ ಯಾವ ನ್ಯಾಯವಿದೆ?

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಪಟ್ಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಹಾಗಾದರೆ ನೀವು ಗೌರವಾಧ್ಯಕ್ಷರಾಗಿ, ಸಾರ್" ಎಂದ. ಪದಾಧಿಕಾರಿಗಳಲ್ಲಿ ಮೂರರಲ್ಲೊಂದು ಪಾಲು ಅಥವಾ ಐದು ಮಂದಿ, ಯಾವುದು ಕಡಮೆಯೋ ಅಷ್ಟು ಜನ ಹೊರಗಿನವರಿರಲು ಕಾನೂನಿನಲ್ಲಿ ಅವಕಾಶವಿದ್ದಿತು. ನಾನು ಸಮಯವಿಲ್ಲವೆಂದೆ. ನಿಜವಾದ ಕಾರಣ ಭಯ. ವಾಡಿಯಾರ ಕಥೆಯನ್ನು ಅಷ್ಟು ಹುರುಪಿನಿಂದ ಹೇಳಿದವನು ನಾನೇ. ಅವನು ಒತ್ತಾಯಿಸಲಿಲ್ಲ, ಅದು ಇನ್ನಷ್ಟು ಚುಚ್ಚಿತು. ನಿಯಮಾವಳಿಯನ್ನಾದರೂ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ.

ಮುಂದಿನ ಎರಡು ತಿಂಗಳು ಅವರು ಕೆಲಸ ಮಾಡಿದ ರೀತಿಯನ್ನು ನಾನು ದೂರದಿಂದ ಕಂಡೆ. ಕಾರ್ಖಾನೆಯೊಳಗೆ ಸಂಘವೆಂಬ ಶಬ್ದವನ್ನು ಎತ್ತಕೂಡದೆಂಬುದು ಮೊದಲ ಕಟ್ಟಳೆ. ಹೊಲಿಗೆಯ ಒಂದೊಂದು ಲೈನಿನಲ್ಲಿಯೂ ಉಳಿದವರು ಯಾರ ಮಾತಿಗೆ ತಲೆದೂಗುತ್ತಾರೆಂಬುದನ್ನು ಗುರುತಿಸಿದರು. ಬಹುಮಟ್ಟಿಗೆ ಅವರು ಹೆಚ್ಚು ಮಾತನಾಡುವವರಲ್ಲ. ಹೆಲ್ಪರ್ ಹುಡುಗಿ ಅತ್ತರೆ ಅವಳ ಕೈಕೆಲಸವನ್ನು ಮೆಲ್ಲಗೆ ಮುಗಿಸಿಕೊಡುವಂಥವರು. ಅವರನ್ನು ಬಸ್ ನಿಲ್ದಾಣದಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ ಕಂಡು ಒಬ್ಬೊಬ್ಬರೊಡನೆಯೂ ಮಾತನಾಡಿದರು. ಮಾತನಾಡಿದರು ಎನ್ನುವುದಕ್ಕಿಂತ ಕೇಳಿಸಿಕೊಂಡರು. ಕೂಲಿ ಹೆಚ್ಚಿಸಿಕೊಡುತ್ತೇವೆಂದು ಯಾರಿಗೂ ಮಾತು ಕೊಡಲಿಲ್ಲ. ಹಾಗೆ ಕೊಡಬಾರದೆಂದು ಅವರಿಗೆ ಬುದ್ಧಿ ಹೇಳಿದವಳು ಹನ್ನೊಂದು ವರ್ಷದ ಅನುಭವವಿದ್ದ ಟೈಲರ್ ಹೆಂಗಸು. ಆಕೆ 2016ರ ಏಪ್ರಿಲ್ 18, 19ರಂದು ಹೊಸೂರು ರಸ್ತೆಯಲ್ಲಿದ್ದವಳು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಕೂಡದೆಂಬ ನಿಯಮದ ವಿರುದ್ಧ ಸಾವಿರಾರು ಉಡುಪು ಕಾರ್ಮಿಕರು, ಬಹುಪಾಲು ಹೆಂಗಸರು, ಯಾವ ನಾಯಕರೂ ಕರೆಯದೆ ಬೀದಿಗಿಳಿದಿದ್ದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. "ಗೆದ್ದೆವು. ಮಾರನೆಯ ದಿನ ಅದೇ ಸೂಪರ್‌ವೈಸರ್, ಅದೇ ಬೈಗುಳ. ಪಕ್ಕದಲ್ಲಿ ನಿಂತು ಕೂಗಿದವಳ ಹೆಸರು ಕೂಡ ನನಗೆ ತಿಳಿಯದು" ಎಂದು ಆಕೆ ಹೇಳಿದ್ದನ್ನು ಶಿಷ್ಯ ನನಗೆ ತಿಳಿಸಿದ.

ಇತ್ತ ನಾನು ನಿಯಮಾವಳಿ ಬರೆಯುತ್ತಿದ್ದೆ. ನಮ್ಮ ಶಾಸನಗಳಲ್ಲಿ ಸಂಘಗಳಿಗೇನು ಬರವೇ? ಅಯ್ಯಾವೊಳೆಯ ಐನೂರ್ವರು, ತೆಲ್ಲಿಗರ ಐವತ್ತೊಕ್ಕಲು ಎಂದು ಪಾಠ ಹೇಳಿದವನು ನಾನು. ಆದರೆ ಅವು ಸರಕಿನ ಒಡೆಯರ, ಗಾಣದ ಒಡೆಯರ ಕೂಟಗಳು. ಕೈಯ ಹೊರತು ಬೇರೇನೂ ಇಲ್ಲದವರ ಕೂಟಕ್ಕೆ ಅಲ್ಲಿ ಮಾತು ಸಿಕ್ಕಲಿಲ್ಲ. ಉದ್ದೇಶಗಳ ಭಾಗದಲ್ಲಿ "ಸದಸ್ಯರ ಸರ್ವಾಂಗೀಣ ಅಭ್ಯುದಯಕ್ಕಾಗಿ ಶ್ರಮಿಸುವುದು" ಎಂದು ಬರೆದೆ. ನನಗದು ಚೆನ್ನಾಗಿಯೇ ಕಂಡಿತು.

ಒಂದು ಭಾನುವಾರ ಸಂಜೆ ಯಾರದೋ ಬಾಡಿಗೆ ಕೋಣೆಯಲ್ಲಿ ಅದನ್ನು ಓದಿ ಹೇಳಲು ಕರೆದರು. ಇಪ್ಪತ್ತಾರು ಜನ, ಹದಿನೇಳು ಹೆಂಗಸರು. ಒಡಿಶಾದ ಹುಡುಗಿಯರು ಮೂವರು, ವಾರ್ಡನ್ನಿಗೆ ಸಂತೆಯ ನೆವ ಹೇಳಿ ಬಂದಿದ್ದರು. ನಾನು ಓದಿದ್ದನ್ನು ಒಬ್ಬಾಕೆ ಹಿಂದಿಯಲ್ಲಿ ಹೇಳುತ್ತಿದ್ದಳು. ಉದ್ದೇಶಗಳನ್ನು ಮುಗಿಸಿದಾಗ ಆ ಟೈಲರ್ ಹೆಂಗಸು ಕೇಳಿದಳು: "ಸಾರ್, ಇದರಲ್ಲಿ ನೀರು ಎಲ್ಲಿದೆ?" ಟಾರ್ಗೆಟ್ ಮುಗಿಯದೆಂಬ ಹೆದರಿಕೆಯಿಂದ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು, ಕುಡಿದರೆ ಶೌಚಾಲಯಕ್ಕೆ ಏಳಬೇಕಾಗುತ್ತದಷ್ಟೆ. ಎಷ್ಟೋ ಮಂದಿಗೆ ಮೂತ್ರದ ಬಾಧೆ. ನಾನು ಪೆನ್ನು ತೆಗೆದು "ಸರ್ವಾಂಗೀಣ ಅಭ್ಯುದಯ"ವನ್ನು ಹೊಡೆದುಹಾಕಿದೆ.

ಲೆಕ್ಕದ ಪುಸ್ತಕವನ್ನು ಯಾವ ಸದಸ್ಯರಾದರೂ ನೋಡಬಹುದೆಂಬ ನಿಯಮವನ್ನು ಓದಿದಾಗ ಒಡಿಶಾದ ಹುಡುಗಿಯೊಬ್ಬಳು ಅದನ್ನು ಇನ್ನೊಮ್ಮೆ ಓದಬೇಕೆಂದಳು. ಓದಿದೆ. ತಾನೂ ನೋಡಬಹುದೇ ಎಂದು ಕೇಳಿಸಿದಳು. ನೋಡಬಹುದು ಎಂದರು. ಕನಿಷ್ಠ ಚಂದಾ ವರ್ಷಕ್ಕೆ 12 ರೂಪಾಯಿಯೆಂದು ಕಾಯಿದೆ ಹೇಳಿದರೂ ತಿಂಗಳಿಗೆ ಹತ್ತು ರೂಪಾಯಿಯಿರಲೆಂದು ಅವರೇ ನಿಶ್ಚಯಿಸಿದರು. ಅರ್ಜಿಗೆ ರುಜು ಹಾಕುವಾಗ ಮೊದಲಿನ ಏಳರಲ್ಲಿ ಮೂವರು ಹಿಂದೆಗೆದಿದ್ದರು. ಒಬ್ಬನಿಗೆ ಮನೆಯ ಸಾಲ, ಒಬ್ಬನಿಗೆ ತಂಗಿಯ ಮದುವೆ. ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಆ ಮೂರು ಸಾಲುಗಳಲ್ಲಿ ಹೆಂಗಸರ ಹೆಸರು ಬಂದಿತು. ಕೊನೆಯದು ಒಡಿಯಾ ಲಿಪಿಯಲ್ಲಿ.

ನೋಂದಣಿ ಮರುವರ್ಷ ಆಯಿತು. ಅಷ್ಟರಲ್ಲಿ ನನ್ನ ಶಿಷ್ಯನನ್ನು ನಲವತ್ತು ಕಿಲೋಮೀಟರ್ ಆಚೆಯ ಇನ್ನೊಂದು ಘಟಕಕ್ಕೆ ವರ್ಗ ಮಾಡಿದ್ದರು. ಸಂಘದ ಚಟುವಟಿಕೆಗಾಗಿ ಕೆಲಸಗಾರನನ್ನು ಹೀಗೆ ಕಾಡುವುದು ಕಾನೂನಿನ ಕಣ್ಣಿನಲ್ಲಿ ಅನುಚಿತ ವ್ಯವಹಾರವೇ ಸರಿ. ಆದರೆ ಕಾನೂನು ಕಣ್ಣು ತೆರೆಯುವವರೆಗೆ ಬಸ್ಸಿನ ದುಡ್ಡು ಅವನ ಜೇಬಿನಿಂದಲೇ ಹೋಗಬೇಕು. ಕಾನೂನೂ ಈಗ ಬದಲಾಗಿದೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು 1926ರ ಕಾಯಿದೆ ರದ್ದಾಯಿತು. ಏಳು ರುಜುವಿನ ಪದ್ಧತಿ ಹೊಸದರಲ್ಲಿಯೂ ಉಳಿದಿದೆ. ನೂರಕ್ಕೆ 51ರಷ್ಟು ಸದಸ್ಯರಿರುವ ಸಂಘಕ್ಕೆ ಮಾಲೀಕರೊಡನೆ ಮಾತುಕತೆ ನಡೆಸುವ ಅಧಿಕಾರವನ್ನು ಅದು ಕೊಡುತ್ತದೆ. ಮುಷ್ಕರಕ್ಕೆ ಮಾತ್ರ 14 ದಿನಗಳ ಮುಂಚಿತ ನೋಟೀಸು ಬೇಕು, ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಮುಷ್ಕರವೆನ್ನಿಸುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವುದೆಂದರೆ ಇದೇ ಎಂದು ನನಗೆ ತೋರುತ್ತದೆ.

ಕಾರ್ಯದರ್ಶಿ ಈಗ ಆ ಟೈಲರ್ ಹೆಂಗಸು. ಈಚೆಗೆ ಒಂದು ರಾತ್ರಿ ಫೋನು ಮಾಡಿ, ಆಡಳಿತದವರಿಗೆ ಪತ್ರ ಬರೆಯುತ್ತಿದ್ದೇನೆ, ಮೇಲೆ 'ಮನವಿ' ಎಂದಿರಬೇಕೋ 'ಬೇಡಿಕೆ' ಎಂದಿರಬೇಕೋ ಎಂದು ಕೇಳಿದಳು. ಮನವಿಯೆಂದರೆ ವಿನಯ ಹೆಚ್ಚಾಯಿತು, ಬೇಡಿಕೆಯೇ ರೂಢಿ ಎಂದೆ. ಮೇಷ್ಟರ ಚಪಲ ಬಿಡದೆ, ಅದೂ 'ಬೇಡು' ಧಾತುವಿನಿಂದಲೇ ಬಂದದ್ದೆಂದು ಸೇರಿಸಿದೆ.

"ಬೇಡುವುದಾದರೆ ಅದೂ ಬೇಡ ಸಾರ್" ಎಂದಳು.

ಎರಡು ದಿನದ ಮೇಲೆ ಪತ್ರದ ಪ್ರತಿಯನ್ನು ನನಗೆ ಕಳುಹಿಸಿದಳು. ಅಕ್ಷರ ದುಂಡಾಗಿದೆ, ಕಾಗುಣಿತದ ತಪ್ಪು ಎರಡೇ. ಮೇಲೆ "ನಾವು ಕೇಳುವುದು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಒಂದನೆಯದು: ಪ್ರತಿ ಲೈನಿನ ಹತ್ತಿರ ಕುಡಿಯುವ ನೀರು.