ಗೆರಟೆಯ ಇದ್ದಿಲಿನ ಮಹಿಮೆ

ಪಂಪ್‌ವೆಲ್ಲಿನ ಯಾವ ಮನೆಯಲ್ಲಿ ತೆಂಗಿನಕಾಯಿಯಿಲ್ಲದೆ ಅಡಿಗೆಯಾದೀತು? ಕಾಯಿ ತುರಿದ ಮೇಲೆ ಗೆರಟೆಯು ಬಚ್ಚಲ ಒಲೆಗೆ ಹೋಗುವುದು ಕರಾವಳಿಯ ರೂಢಿ. ಆ ಗೆರಟೆಯ ಇದ್ದಿಲಿಗೆ ವಿಜ್ಞಾನಿಗಳು ಕೊಟ್ಟ ಸ್ಥಾನವನ್ನು ಕೇಳಿದರೆ ವಾಚಕರು ಬೆರಗಾದಾರು.

ಜಲಜನಕಕ್ಕೆ ಡ್ಯೂಟೀರಿಯಮ್, ಟ್ರಿಟಿಯಮ್ ಎಂಬ ಎರಡು ಭಾರವಾದ ಸಮಸ್ಥಾನಿಗಳುಂಟು. ಇವನ್ನು ಬೆಸೆದು ಸೂರ್ಯನಂತೆ ಶಕ್ತಿ ಪಡೆಯುವ ಪ್ರಯೋಗಕ್ಕಾಗಿ ಫ್ರಾನ್ಸಿನಲ್ಲಿ ಇಟರ್ ಎಂಬ ಮಹಾಯಂತ್ರವನ್ನು ಕಟ್ಟುತ್ತಿರುವರು. 2005ರಿಂದ ಭಾರತವೂ ಅದರಲ್ಲಿ ಪಾಲುಗಾರ. ಟ್ರಿಟಿಯಮ್ ಬಲು ದುರ್ಲಭ, 12.3 ವರ್ಷಗಳಲ್ಲಿ ಅರ್ಧ ಕ್ಷಯಿಸುವುದು. ವಿಕಿರಣಶೀಲವಾದುದರಿಂದ ಗಾಳಿಗೆ ಬಿಡುವಂತೆಯೂ ಇಲ್ಲ. ಮುಂದಿನ ಸ್ಥಾವರಗಳಲ್ಲಿ ಇದನ್ನು ಲಿಥಿಯಮಿನಿಂದ ಹುಟ್ಟಿಸಿ, ಹೀಲಿಯಮ್ ಅನಿಲದ ಪ್ರವಾಹದಲ್ಲಿ ಹೊರತರುವ ಯೋಚನೆಯುಂಟು. ಆಮೇಲೆ ಎರಡನ್ನೂ ಬೇರ್ಪಡಿಸುವ ಬಗೆ ಹೇಗೆ?

ಉಪಾಯವಿರುವುದು ಶೈತ್ಯದಲ್ಲಿ. ಸೂಕ್ಷ್ಮರಂಧ್ರಗಳುಳ್ಳ ಇದ್ದಿಲನ್ನೋ ಜಿಯೋಲೈಟನ್ನೋ ದ್ರವ ಸಾರಜನಕದಿಂದ −196 ಡಿಗ್ರಿಗೆ ತಣಿಸಿ ಮಿಶ್ರಣವನ್ನು ಹಾಯಿಸಿದರೆ, ಜಲಜನಕದ ಬಳಗವೆಲ್ಲ ರಂಧ್ರಗಳ ಗೋಡೆಗೆ ಅಂಟಿಕೊಳ್ಳುವುದು. ಯಾರೊಡನೆಯೂ ಸೇರದ ಹೀಲಿಯಮ್ ಜಾರಿಹೋಗುವುದು. ಬಳಿಕ ಬಿಸಿಮಾಡಿದರೆ ಅಂಟಿದ್ದುದು ಬಿಡುಗಡೆಯಾಗುವುದು. ಗೆರಟೆಯ ಇದ್ದಿಲಿನ ಈ ಹೀರುವ ಗುಣವನ್ನು 1904ರ ಸುಮಾರಿಗೆ ಜೇಮ್ಸ್ ಡ್ಯೂವರನು ತೋರಿಸಿಕೊಟ್ಟನು. ಇಟರಿನ ನಿರ್ವಾತ ಪಂಪುಗಳಿಗೂ ಅದೇ ಇದ್ದಿಲು. ಅಲ್ಲಿ ಅದನ್ನು −269 ಡಿಗ್ರಿಯ ಸಮೀಪಕ್ಕೆ ತಣಿಸಿದಾಗ ಹೀಲಿಯಮ್ ಸಹ ಸೆರೆಯಾಗುವುದು.

ಒಲೆಗೆಸೆಯುವ ಗೆರಟೆಯನ್ನು ಇನ್ನು ಮೇಲೆ ಯಾರೂ ಕ್ಷುದ್ರವೆಂದು ಭಾವಿಸಲಾಗದು.