ವೃಕ್ಷವೇ, ಜಾಲವೇ? ಮಾನವ ಪೂರ್ವಜರ ವಿಕಾಸದ ಮಾದರಿ ಮತ್ತು ಬೀದರ ಪರಿಸರದ ಭಾಷಾ ಸಂಪರ್ಕ

ಸಾರಾಂಶ

ಮಾನವ ಪೂರ್ವಜರ ವಿಕಾಸವನ್ನು ವಿವರಿಸುವ ವಂಶವೃಕ್ಷದ ಮಾದರಿಯು 2010ರ ಬಳಿಕ ಗಣನೀಯವಾಗಿ ಪರಿಷ್ಕೃತವಾಗಿದೆ. ಆ ಪರಿಷ್ಕರಣೆಯ ಹಿಂದಿನ ತರ್ಕವು ಬೀದರ, ಭಾಲ್ಕಿ ಮತ್ತು ಔರಾದ ಪರಿಸರದ ಬಹುಭಾಷಿಕ ಸನ್ನಿವೇಶದ ಅಧ್ಯಯನಕ್ಕೆ ಎಲ್ಲಿ ಒದಗುತ್ತದೆ, ಎಲ್ಲಿ ಒದಗುವುದಿಲ್ಲ ಎಂಬುದನ್ನು ಈ ಲೇಖನ ವಿವರಿಸುತ್ತದೆ.

1. ಎರಡು ಶಾಸ್ತ್ರಗಳು, ಒಂದು ಚಿತ್ರ

ವಂಶವೃಕ್ಷದ ಚಿತ್ರವನ್ನು ಭಾಷಾಶಾಸ್ತ್ರವು ಜೀವಶಾಸ್ತ್ರದಿಂದ ಎರವಲು ಪಡೆಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಕಾಲಾನುಕ್ರಮವು ಇದನ್ನು ಸಮರ್ಥಿಸುವುದಿಲ್ಲ. ಆಗುಸ್ಟ್ ಷ್ಲೈಖರ್ ಇಂಡೋ-ಯುರೋಪಿಯನ್ ಭಾಷೆಗಳ ವೃಕ್ಷವನ್ನು 1853ರಲ್ಲಿಯೇ ಪ್ರಕಟಿಸಿದ್ದನು. ಡಾರ್ವಿನ್ನನ ಜೀವಸಂಕುಲಗಳ ಉಗಮವನ್ನು ಕುರಿತ ಗ್ರಂಥ ಹೊರಬಂದದ್ದು 1859ರಲ್ಲಿ. ಆ ಗ್ರಂಥಕ್ಕೆ ಪ್ರತಿಕ್ರಿಯೆಯಾಗಿ ಷ್ಲೈಖರ್ 1863ರಲ್ಲಿ ತನ್ನ ಸಹೋದ್ಯೋಗಿ ಅರ್ನ್‌ಸ್ಟ್ ಹೆಕೆಲ್‌ನಿಗೆ ಬಹಿರಂಗ ಪತ್ರವೊಂದನ್ನು ಬರೆದನು. ಮುಂದೆ ಹೆಕೆಲ್ ತಾನು ಊಹಿಸಿದ ಮಾನವ ಪೂರ್ವಜನಿಗೆ ಇಟ್ಟ ಹೆಸರು ಪಿಥೆಕಾಂತ್ರೊಪಸ್ ಅಲಾಲಸ್, ಅಂದರೆ ಮಾತಿಲ್ಲದ ವಾನರಮಾನವ. ಯೂಜೀನ್ ಡುಬೋವಾ 1891ರಲ್ಲಿ ಜಾವಾದ ತ್ರಿನಿಲ್‌ನಲ್ಲಿ ಕಪಾಲವೊಂದನ್ನು ಪಡೆದಾಗ ಮೊದಲ ಪದವನ್ನು ಉಳಿಸಿಕೊಂಡು, ‘ಮಾತಿಲ್ಲದ’ ಎಂಬುದರ ಸ್ಥಾನದಲ್ಲಿ ‘ನೆಟ್ಟಗೆ ನಿಂತ’ ಎಂಬರ್ಥದ ಇರೆಕ್ಟಸ್ ಪದವನ್ನು ಬಳಸಿದನು. ಮೂಳೆ ನಿಲುವನ್ನು ಹೇಳಬಲ್ಲದು, ಮಾತನ್ನು ಹೇಳಲಾರದು. ಈ ಎಚ್ಚರ ಇಂದಿಗೂ ಪ್ರಸ್ತುತವಾಗಿದೆ.

ವೃಕ್ಷದ ಮಾದರಿಗೆ ಭಾಷಾಶಾಸ್ತ್ರದೊಳಗಿನಿಂದಲೇ ಆಕ್ಷೇಪ ಬಂದಿತು. ಯೋಹಾನೆಸ್ ಷ್ಮಿಟ್ 1872ರಲ್ಲಿ ಮಂಡಿಸಿದ ತರಂಗ ಸಿದ್ಧಾಂತದ ಪ್ರಕಾರ ಭಾಷಿಕ ಬದಲಾವಣೆಗಳು ಕವಲುಗಳ ಗಡಿಯನ್ನು ದಾಟಿ ಹರಡುತ್ತವೆ. ಮಾನವ ವಿಕಾಸದ ಅಧ್ಯಯನದಲ್ಲಿ ಇದಕ್ಕೆ ಸಂವಾದಿಯಾದ ನಿರ್ಣಾಯಕ ಸಾಕ್ಷ್ಯ ದೊರೆಯಲು ಇನ್ನೂ ಸುಮಾರು 140 ವರ್ಷ ಬೇಕಾಯಿತು.

2. ವಿಕಾಸವೃಕ್ಷದ ಪರಿಷ್ಕರಣೆ

ನಿಯಾಂಡರ್ತಾಲ್ ಜೀನೋಮಿನ ಕರಡು 2010ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ದೊರೆತ ಬೆರಳಿನ ಮೂಳೆಯಿಂದ ಮತ್ತೊಂದು ಮಾನವ ಸಮುದಾಯದ ಗುರುತು ಹತ್ತಿತು. ಇಲ್ಲಿ ಗಮನಿಸಬೇಕಾದದ್ದು ತರ್ಕದ ವಿಧಾನ. ನಿಯಾಂಡರ್ತಾಲರು ಪ್ರತ್ಯೇಕ ಕವಲಾಗಿಯೇ ಉಳಿದಿದ್ದರೆ, ಇಂದಿನ ಎಲ್ಲ ಮಾನವರೂ ಅವರಿಂದ ಸಮಾನ ದೂರದಲ್ಲಿರಬೇಕಿತ್ತು. ಆದರೆ ಆಫ್ರಿಕಾದ ಹೊರಗಿನ ಜನರು ಆಫ್ರಿಕನ್ನರಿಗಿಂತ ನಿಯಾಂಡರ್ತಾಲರಿಗೆ ಹೆಚ್ಚು ಸಮೀಪವೆಂದು ಕಂಡುಬಂದಿತು. ಸಮಾನ ಪೂರ್ವಜರಿಂದ ಬಂದ ಸಾಮ್ಯವಷ್ಟೇ ಈ ಅಸಮತೆಯನ್ನು ಸುಲಭವಾಗಿ ವಿವರಿಸಲಾರದು. ಕವಲೊಡೆದ ಮೇಲಿನ ಬೆರಕೆಯನ್ನು ಒಪ್ಪಬೇಕಾಯಿತು. ನಿಯಾಂಡರ್ತಾಲ್ ತಾಯಿ ಮತ್ತು ಡೆನಿಸೋವನ್ ತಂದೆಗೆ ಜನಿಸಿದ ಹುಡುಗಿಯ ಮೂಳೆಯ ಜೀನೋಮು 2018ರಲ್ಲಿ ಪ್ರಕಟವಾದಾಗ ಬೆರಕೆಗೆ ನೇರ ಸಾಕ್ಷ್ಯವೂ ದೊರೆಯಿತು. ನಿಯಾಂಡರ್ತಾಲರು ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದರು. ಆದರೂ ಆಫ್ರಿಕಾದ ಹೊರಗಿನ ಜನರ ಜೀನೋಮಿನ ಶೇಕಡಾ 2ರಷ್ಟು ಅಂಶ ಅವರದೇ ಆಗಿದೆ.

3. ಇಸಾಂಪುರದ ಸಾಕ್ಷ್ಯ ಮತ್ತು ಅದರ ಮಿತಿ

ಬೀದರಿನ ನೈಋತ್ಯಕ್ಕೆ, ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿರುವ ಇಸಾಂಪುರವು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ನೇತೃತ್ವದಲ್ಲಿ ಉತ್ಖನನಗೊಂಡ ಅಶೂಲಿಯನ್ ನೆಲೆ. ಅಲ್ಲಿ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ ಕೈಗೊಡಲಿ, ಸೀಳುಗತ್ತಿಗಳನ್ನು ಸ್ಥಳದಲ್ಲಿಯೇ ತಯಾರಿಸಲಾಗಿತ್ತು. ಪ್ರಾಣಿಗಳ ಹಲ್ಲಿನ ಎನಾಮಲ್‌ನ ಕಾಲನಿರ್ಣಯವು ಸುಮಾರು 12 ಲಕ್ಷ ವರ್ಷಗಳನ್ನು ಸೂಚಿಸಿದೆ. ಆದರೆ ಅವುಗಳನ್ನು ತಯಾರಿಸಿದವರ ಮೂಳೆಗಳು ಅಲ್ಲಿ ದೊರೆತಿಲ್ಲ. ಭಾರತದಲ್ಲಿ ದೊರೆತ ಪ್ರಾಚೀನ ಮಾನವ ಕಪಾಲವೆಂದರೆ 1982ರಲ್ಲಿ ಅರುಣ್ ಸೊನಾಕಿಯಾ ಅವರು ಮಧ್ಯಪ್ರದೇಶದ ನರ್ಮದಾ ತೀರದ ಹಥನೋರಾದಲ್ಲಿ ಪತ್ತೆಹಚ್ಚಿದ್ದು. ಅದು ಯಾವ ಪ್ರಭೇದಕ್ಕೆ ಸೇರಿದ್ದೆಂಬ ಚರ್ಚೆ ಮುಂದುವರಿದಿದೆ.

ದ್ರಾವಿಡ ಭಾಷಾಕುಟುಂಬದ ಪ್ರಾಚೀನತೆಯನ್ನು 2018ರ ಸಂಖ್ಯಾಶಾಸ್ತ್ರೀಯ ಅಧ್ಯಯನವೊಂದು ಸುಮಾರು 4,500 ವರ್ಷಗಳೆಂದು ಅಂದಾಜಿಸಿದೆ. ಇದು ಇಸಾಂಪುರದ ಕಾಲಾವಧಿಯ ಇನ್ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದುದರಿಂದ ಶಿಲಾಯುಧಗಳ ಪ್ರಾಚೀನತೆಯನ್ನು ಯಾವುದೇ ಭಾಷೆಯ ಪ್ರಾಚೀನತೆಗೆ ಆಧಾರವಾಗಿ ಬಳಸುವುದು ಅಸಾಧು. ಈ ನೆಲದ ಮೊದಲ ನಿವಾಸಿಗಳು ಕನ್ನಡಿಗರೂ ಅಲ್ಲ, ಮರಾಠಿಗರೂ ಅಲ್ಲ.

4. ಬೀದರ ಪರಿಸರದಲ್ಲಿ ಅದೇ ಪರೀಕ್ಷೆ

ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಹಳೆಯ ಬೀದರ ಜಿಲ್ಲೆ 1956ರ ನವೆಂಬರ್ 1ರಂದು ಮೂರು ಭಾಗವಾಯಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ ಮರಾಠಿ ಪ್ರದೇಶಕ್ಕೂ ಜಹೀರಾಬಾದ್, ನಾರಾಯಣಖೇಡ ತೆಲುಗು ಪ್ರದೇಶಕ್ಕೂ ಸೇರಿದವು. ಕನ್ನಡ, ಮರಾಠಿ, ದಖನಿ ಉರ್ದು, ತೆಲುಗುಗಳ ಒಡನಾಟ ಮಾತ್ರ ಆ ಗೆರೆಗಳಿಗೆ ಒಳಪಡಲಿಲ್ಲ.

ಉದ್ಧರಣ ಸೂಚಕವನ್ನು ಪರಿಶೀಲಿಸೋಣ. ಕನ್ನಡದ ‘ಬರ್ತೀನಿ ಅಂತ ಹೇಳಿದ’ ಎಂಬಲ್ಲಿ ‘ಅಂತ’ ಎಂಬುದು ಅನ್ ಧಾತುವಿನಿಂದ ಬಂದು ಉದ್ಧೃತ ವಾಕ್ಯದ ನಂತರ ನಿಲ್ಲುತ್ತದೆ. ತೆಲುಗಿನ ‘ಅನಿ’, ಮರಾಠಿಯ ‘ಮ್ಹಣೂನ್’, ದಖನಿಯ ‘ಬೋಲ್ಕೆ’ ಇವೂ ಹಾಗೆಯೇ. ಪ್ರತಿಯೊಂದೂ ಆಯಾ ಭಾಷೆಯ ‘ಹೇಳು’ ಎಂಬರ್ಥದ ಧಾತುವಿನಿಂದ ಸಿದ್ಧಿಸಿದೆ. ಇದು ಸಂಪರ್ಕದ ಫಲವೇ? ದಖನಿಯನ್ನು ಅದರ ಸೋದರಿಯಾದ ಉತ್ತರದ ಉರ್ದುವಿನೊಡನೆ ಹೋಲಿಸಿದರೆ ಉತ್ತರ ದೊರೆಯುತ್ತದೆ. ಅಲ್ಲಿ ಉದ್ಧೃತ ವಾಕ್ಯದ ಮುನ್ನ ‘ಕಿ’ ಬರುವುದೇ ರೂಢಿ. ಸೋದರಿಯಿಂದ ದೂರ, ನೆರೆಯವರಿಗೆ ಹತ್ತಿರ ಎಂಬ ಈ ಅಸಮತೆಯೇ ಸಂಪರ್ಕದ ಸಾಕ್ಷ್ಯ. ಮರಾಠಿಯ ವಿಷಯದಲ್ಲಿ ನಿರ್ಣಯ ಇಷ್ಟು ಸುಲಭವಲ್ಲ. ವಾಕ್ಯಾಂತ್ಯದ ‘ಇತಿ’ ಸಂಸ್ಕೃತದಲ್ಲಿಯೂ ಇರುವುದರಿಂದ ಪರಂಪರೆಯ ಪಾತ್ರವನ್ನು ಅಲ್ಲಗಳೆಯಲಾಗದು.

ಎರಡನೆಯ ನಿದರ್ಶನ ಉತ್ತಮಪುರುಷ ಬಹುವಚನದ್ದು. ಕೇಳುಗನನ್ನು ಒಳಗೊಳ್ಳುವ ಮತ್ತು ಹೊರಗಿಡುವ ರೂಪಗಳ ಭೇದ ಮೂಲ ದ್ರಾವಿಡದಲ್ಲಿ ಇತ್ತೆಂದು ಪುನಾರಚಿಸಲಾಗಿದೆ. ತೆಲುಗಿನಲ್ಲಿ ಮನಮು ಮತ್ತು ಮೇಮು ಎಂದು ಅದು ಉಳಿದಿದೆ; ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಇಂಡೋ-ಆರ್ಯನ್ ಆದ ಮರಾಠಿಯಲ್ಲಿ ಆಪಣ್ ಮತ್ತು ಆಮ್ಹೀ ಎಂಬ ಭೇದವಿದ್ದು, ಹಲವು ವಿದ್ವಾಂಸರು ಅದನ್ನು ದ್ರಾವಿಡ ಸಂಪರ್ಕದ ಫಲವೆಂದು ಭಾವಿಸಿದ್ದಾರೆ. ಗುಜರಾತಿಯಲ್ಲಿಯೂ ಈ ಭೇದ ಇರುವುದರಿಂದ ಬೀದರ ಪರಿಸರದ ಇಂದಿನ ಒಡನಾಟವನ್ನು ಅದರ ಮೂಲವೆನ್ನಲಾಗದು. ಆ ಅಭಿಪ್ರಾಯವನ್ನು ಒಪ್ಪುವುದಾದರೆ, ಔರಾದದ ದ್ವಿಭಾಷಿಕನೊಬ್ಬನು ಕನ್ನಡವು ಕಳೆದುಕೊಂಡ ದ್ರಾವಿಡ ಭೇದವನ್ನು ಮರಾಠಿ ಆಡುವಾಗ ಬಳಸುತ್ತಾನೆ. ಒಂದು ಪರಂಪರೆಯಲ್ಲಿ ಅಳಿದದ್ದು ಮತ್ತೊಂದರಲ್ಲಿ ಉಳಿಯುವುದು ನಿಯಾಂಡರ್ತಾಲ್ ಜೀನುಗಳಿಗೆ ಮಾತ್ರ ಸೀಮಿತವಲ್ಲ.

5. ಹೋಲಿಕೆಯ ಮಿತಿ

ಹೋಲಿಕೆ ಇಲ್ಲಿಗೆ ನಿಲ್ಲಬೇಕು. ಮಾನವರಲ್ಲಿ ಜೀನುಗಳು ಹೆತ್ತವರಿಂದ ಮಾತ್ರ ಬರುತ್ತವೆ. ಭಾಷೆ ಓಣಿಯಿಂದಲೂ ಸಂತೆಯಿಂದಲೂ ಶಾಲೆಯಿಂದಲೂ ಬರುತ್ತದೆ. ಜೀನುಗಳ ಬೆರಕೆಯಲ್ಲಿ ಡಿಎನ್‌ಎ ಅನುಕ್ರಮವೇ ಸ್ಥಳಾಂತರಗೊಳ್ಳುತ್ತದೆ. ‘ಬೋಲ್ಕೆ’ಯ ನಿದರ್ಶನದಲ್ಲಿ ಧ್ವನಿರೂಪವು ದಖನಿಯದೇ, ದಾಟಿಬಂದದ್ದು ವಿನ್ಯಾಸ ಮಾತ್ರ. ಹೀಗಾಗಿ ಎರವಲು ಪದಗಳ ಎಣಿಕೆಯೊಂದರಿಂದಲೇ ಸಂಪರ್ಕದ ಆಳವನ್ನು ಅಳೆಯಲಾಗದು. ಭಾಷೆಯ ವಂಶ ಮತ್ತು ಭಾಷಿಕರ ವಂಶ ಒಂದೇ ಎಂದು ಗ್ರಹಿಸುವುದಂತೂ ಸಲ್ಲದು.

6. ಉಪಸಂಹಾರ

ಕ್ಷೇತ್ರಕಾರ್ಯದಲ್ಲಿ ‘ಶುದ್ಧ’ ಕನ್ನಡ ಆಡುವ ಆವೇದಕರನ್ನಷ್ಟೇ ಆಯ್ದು, ಬೆರಕೆಯ ಉಕ್ತಿಗಳನ್ನು ದೋಷವೆಂದು ತೆಗೆದುಹಾಕುವ ಸಂಶೋಧಕನು ತನ್ನ ಪ್ರಶ್ನೆಗೆ ಉತ್ತರವಾಗಬಲ್ಲ ಸಾಮಗ್ರಿಯನ್ನೇ ಕಳೆದುಕೊಳ್ಳುತ್ತಾನೆ. ಗಡಿಭಾಗದಲ್ಲಿ ಇದರ ಪರಿಣಾಮ ಶಾಸ್ತ್ರಕ್ಕಷ್ಟೇ ಸೀಮಿತವಲ್ಲ. ಹಾಗೆ ಶೋಧಿಸಿದ ಸಾಮಗ್ರಿಯಿಂದ ರಚಿತವಾದ ನಕ್ಷೆಯು ಊರೊಂದು ಯಾವ ಭಾಷೆಯವರದೆಂಬ ವಾದಕ್ಕೆ ಆಧಾರವಾಗಬಲ್ಲದು. ಭಾಲ್ಕಿ, ಔರಾದಗಳ ಉಕ್ತಿಗಳನ್ನು ಆಡಿದಂತೆಯೇ ದಾಖಲಿಸಿ, ಪ್ರತಿ ಲಕ್ಷಣವನ್ನೂ ಸೋದರ ಭಾಷೆಯೊಡನೆ ಮತ್ತು ನೆರೆಭಾಷೆಯೊಡನೆ ಬೇರೆಬೇರೆಯಾಗಿ ಹೋಲಿಸಿದ ಬಳಿಕವೇ ಪರಂಪರೆ ಯಾವುದು, ಸಂಪರ್ಕ ಯಾವುದು ಎಂದು ನಿರ್ಣಯಿಸುವುದು ಯುಕ್ತ.