ರಕ್ತಪರೀಕ್ಷೆಗೂ ಬೇಕು ಒರೆಗಲ್ಲು

ಚಿನ್ನಕ್ಕೆ ಬೆಲೆ ಕಟ್ಟುವ ಮೊದಲು ಅಕ್ಕಸಾಲಿಗನು ಅದನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾನೆ. ದೇಹದ ಸ್ಥಿತಿಯನ್ನು ತಿಳಿಸುವ ರಕ್ತಪರೀಕ್ಷೆಯ ವರದಿಯನ್ನಾದರೋ ನಾವು ಕಂಡೊಡನೆ ನಂಬಿಬಿಡುತ್ತೇವೆ. ಗೋರಂಟ್ಲದ ರೋಗಿಯೊಬ್ಬನು ಊರಿನಲ್ಲೊಮ್ಮೆ, ಹಿಂದೂಪುರದಲ್ಲೊಮ್ಮೆ, ಬೆಂಗಳೂರಿನಲ್ಲಿ ಮತ್ತೊಮ್ಮೆ ರಕ್ತ ಕೊಡುವುದುಂಟು. ಆ ಮೂರು ವರದಿಗಳನ್ನು ಹೋಲಿಸುವ ವೈದ್ಯರಿಗೆ ಮೂರೂ ಕಡೆಯ ಅಳತೆ ಒಂದೇ ಎಂಬ ಭರವಸೆ ಬೇಡವೆ?

ಇಲ್ಲಿ ಅಲ್ಪ ವ್ಯತ್ಯಾಸವೂ ಅಲ್ಪವಲ್ಲ. ಉಪವಾಸದ ರಕ್ತದಲ್ಲಿ ಸಕ್ಕರೆಯು ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ ಅದು ಮಧುಮೇಹದ ಸೂಚನೆ. ನಿಜವಾಗಿ 130 ಇರುವುದನ್ನು ಯಂತ್ರವು 120 ಎಂದು ತೋರಿಸಿದರೆ, ರೋಗಿಯು ನಿಶ್ಚಿಂತನಾಗಿ ಮನೆಗೆ ಮರಳುತ್ತಾನೆ. ರೋಗವು ಒಳಗೊಳಗೇ ಬೆಳೆಯುತ್ತದೆ.

ಈ ಅಪಾಯವನ್ನು ಮೊದಲು ಬಯಲಿಗೆ ತಂದವರಲ್ಲಿ ಅಮೆರಿಕದ ಬೆಲ್ಕ್ ಮತ್ತು ಸಂಡರ್‌ಮನ್ ಪ್ರಮುಖರು. ಅವರು ಪೆನ್ಸಿಲ್ವೇನಿಯದ ಆಸ್ಪತ್ರೆಗಳ ಪ್ರಯೋಗಾಲಯಗಳಿಗೆ ಒಂದೇ ಬಗೆಯ ದ್ರವಗಳನ್ನು ಕಳುಹಿಸಿ, ಬಂದ ಉತ್ತರಗಳನ್ನು 1947ರಲ್ಲಿ ಪ್ರಕಟಿಸಿದರು. ಸಾಮಾನ್ಯ ಪರೀಕ್ಷೆಗಳಲ್ಲಿಯೇ ಹಲವು ಉತ್ತರಗಳು ಒಪ್ಪತಕ್ಕ ಮಿತಿಯನ್ನು ಮೀರಿದ್ದವು.

ಇಂದು ಒಳ್ಳೆಯ ಪ್ರಯೋಗಾಲಯವು ತನ್ನನ್ನು ಎರಡು ವಿಧದಲ್ಲಿ ಒರೆಗೆ ಹಚ್ಚಿಕೊಳ್ಳುತ್ತದೆ. ಮೊದಲನೆಯದು ದಿನನಿತ್ಯದ್ದು: ಪ್ರಮಾಣ ಮೊದಲೇ ಗೊತ್ತಿರುವ ದ್ರವವನ್ನು ಅಳೆದು, ಉತ್ತರ ಮಿತಿಯೊಳಗಿದ್ದರೆ ಮಾತ್ರ ರೋಗಿಗಳ ರಕ್ತವನ್ನು ಪರೀಕ್ಷಿಸುವುದು. ಎರಡನೆಯದು ಹೊರಗಿನವರೊಡನೆ ಹೋಲಿಕೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ನಡೆಸುವ ಯೋಜನೆ ಇದಕ್ಕೆ ನಿದರ್ಶನ. ಅಲ್ಲಿಂದ ಬಂದ ಒಂದೇ ಮಾದರಿಯನ್ನು ದೇಶದ ನಾನಾ ಪ್ರಯೋಗಾಲಯಗಳು ಪರೀಕ್ಷಿಸುತ್ತವೆ. ಇತರರ ಸರಾಸರಿಯಿಂದ ತಾನೆಷ್ಟು ದೂರವಿದ್ದೇನೆಂಬುದು ಪ್ರತಿಯೊಂದಕ್ಕೂ ತಿಳಿಯುತ್ತದೆ.

ಕ್ಷಯರೋಗದ ಕಫಪರೀಕ್ಷೆಯಲ್ಲಿಯೂ ಇದೇ ಕ್ರಮವಿದೆ. 1959ರಲ್ಲಿ ಸ್ಥಾಪಿತವಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಈ ಮೇಲ್ವಿಚಾರಣೆಯ ರಾಷ್ಟ್ರೀಯ ಕೇಂದ್ರಗಳಲ್ಲೊಂದು. ಕೆಳಹಂತದ ಕೇಂದ್ರಗಳಲ್ಲಿ ನೋಡಿದ ಗಾಜಿನ ಫಲಕಗಳಲ್ಲಿ ಕೆಲವನ್ನು ಆರಿಸಿ, ಮೊದಲ ಫಲಿತಾಂಶವನ್ನು ತಿಳಿಸದೆಯೇ ಮತ್ತೊಬ್ಬರಿಂದ ಓದಿಸುತ್ತಾರೆ. ಇಬ್ಬರ ಅಭಿಪ್ರಾಯ ಭಿನ್ನವಾದರೆ ಮೂರನೆಯವರು ತೀರ್ಮಾನಿಸುತ್ತಾರೆ.

ಹೀಗೆ ತಪ್ಪನ್ನು ಕಂಡುಹಿಡಿಯುವುದು ಯಾರನ್ನೂ ದಂಡಿಸಲಿಕ್ಕಲ್ಲ. ಬಣ್ಣದ ದ್ರಾವಣ ಹಳೆಯದೇ, ಸೂಕ್ಷ್ಮದರ್ಶಕದ ಮಸೂರ ಮಸುಕೇ, ಕೆಲಸದ ಹೊರೆ ಅತಿಯಾಯಿತೇ ಎಂದು ಕಾರಣ ಹುಡುಕಿ ಸರಿಪಡಿಸಬೇಕು. ಮರುಹೋಲಿಕೆಯಲ್ಲಿ ಸುಧಾರಣೆ ಕಾಣಬೇಕು. ಕಾರಣ ಹುಡುಕದ ಹೋಲಿಕೆ ಬರಿಯ ಕಾಗದದ ಕೆಲಸವಾದೀತು.

ವಾಚಕರೂ ಇದರಲ್ಲಿ ಕೈಗೂಡಿಸಬಹುದು. “ನೀವು ಹೊರಗಿನ ಗುಣಮಟ್ಟದ ಹೋಲಿಕೆಯಲ್ಲಿ ಸೇರಿದ್ದೀರಾ?” ಎಂದು ಪ್ರಯೋಗಾಲಯದವರನ್ನು ವಿನಯದಿಂದ ಕೇಳುವುದರಲ್ಲಿ ಸಂಕೋಚ ಬೇಡ. ದೀರ್ಘಕಾಲದ ಕಾಯಿಲೆಯವರು ಸಾಧ್ಯವಾದಷ್ಟೂ ಒಂದೇ ಕಡೆ ಪರೀಕ್ಷೆ ಮಾಡಿಸುವುದು, ಹಳೆಯ ವರದಿಗಳನ್ನು ಜೋಪಾನವಾಗಿಡುವುದು ಲೇಸು. ವರದಿಗೂ ದೇಹದ ಲಕ್ಷಣಕ್ಕೂ ತಾಳೆಯಾಗದಿದ್ದರೆ, ಔಷಧವನ್ನು ತಾವಾಗಿ ಬದಲಿಸದೆ, ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಬೇಕು.